ಪದಾವಧಿ ಮುಗಿಯುವ ಮುನ್ನ: ವೃತ್ತಿಪರ ಸಂಘದ ಶಾಖೆಯ ಒಂದು ವರ್ಷವನ್ನು ತಿರುಗಿ ನೋಡುವ ಬಗೆ

ಪದಗ್ರಹಣ ಸಮಾರಂಭದಲ್ಲಿ ನಿರ್ಗಮಿಸುವ ಕಾರ್ಯದರ್ಶಿ ಓದುವ ವರದಿಗೆ ಒಂದು ಸಿದ್ಧ ಅಚ್ಚು ಇದೆ. ಇಷ್ಟು ಉಪನ್ಯಾಸ, ಇಷ್ಟು ಶಿಬಿರ, ಇಷ್ಟು ಸನ್ಮಾನ, ಇಂಥಿಂಥ ಗಣ್ಯರ ಉಪಸ್ಥಿತಿ, ಸಹಕರಿಸಿದ ಎಲ್ಲರಿಗೂ ವಂದನೆ. ಊಟ ಆರುತ್ತಿದೆ ಎಂದು ಅದನ್ನೂ ಅರ್ಧಕ್ಕೆ ನಿಲ್ಲಿಸುವುದುಂಟು. ಕಡತಕ್ಕೆ ಆ ವರದಿ ಬೇಕೇ ಬೇಕು. ಆದರೆ ಮುಂದಿನ ಕಾರ್ಯದರ್ಶಿಗೆ ತಿಳಿಯಬೇಕಾದ ಒಂದು ಸಂಗತಿಯೂ ಅದರಲ್ಲಿರುವುದಿಲ್ಲ: ಯಾವ ವಾರ, ಎಷ್ಟು ಹೊತ್ತಿಗೆ ಕರೆದರೆ ಜನ ಬರುತ್ತಾರೆ, ಎಲ್ಲಿ ದುಡ್ಡು ಸೋರುತ್ತದೆ, ಯಾವ ಕೆಲಸ ಯಾರೊಬ್ಬರ ಹೆಗಲ ಮೇಲೆ ನಿಂತಿದೆ, ಯಾವುದನ್ನು ನಿಲ್ಲಿಸಿದರೂ ಯಾರೂ ಕೇಳುವುದಿಲ್ಲ.

ಇವನ್ನು ಹುಡುಕಿ ತೆಗೆಯುವ ಕ್ರಮ ಮುಂದಿದೆ. ಕರ್ನಾಟಕದ ಜಿಲ್ಲಾ ಕೇಂದ್ರ ಅಥವಾ ದೊಡ್ಡ ತಾಲ್ಲೂಕಿನ ವೈದ್ಯರ ಸಂಘದ ಶಾಖೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು ಇದು. ನೂರು-ನೂರೈವತ್ತು ಸದಸ್ಯರು, ವರ್ಷಕ್ಕೆ ಹದಿನೈದಿಪ್ಪತ್ತು ಕಾರ್ಯಕ್ರಮ, ಸಂಬಳವಿಲ್ಲದ ಸಮಿತಿ, ಬಹಳವಾದರೆ ಒಬ್ಬ ಅರೆಕಾಲಿಕ ಗುಮಾಸ್ತರು. ಎಂಜಿನಿಯರರ, ಲೆಕ್ಕಪರಿಶೋಧಕರ, ವಾಸ್ತುಶಿಲ್ಪಿಗಳ ಶಾಖೆಗಳಿಗೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದೇ ಕ್ರಮ ಹೊಂದುತ್ತದೆ.

ಯಾವಾಗ, ಯಾರು ಕೂರಬೇಕು

ಪದಗ್ರಹಣಕ್ಕೆ ಆರು ವಾರ ಇರುವಾಗಲೇ ಶುರು ಮಾಡಿ. ಹೊಸ ಸಮಿತಿ ಬಂದ ಮೇಲೆ ನೋಡೋಣ ಎಂದರೆ ಆಗುವುದಿಲ್ಲ. ಅಷ್ಟರಲ್ಲಿ ರಿಜಿಸ್ಟರುಗಳು ಕೈ ಬದಲಾಗಿರುತ್ತವೆ, ಹಳಬರು ಭಾರ ಇಳಿಸಿಕೊಂಡ ನಿರಾಳದಲ್ಲಿರುತ್ತಾರೆ, ಹೊಸಬರು ಮೊದಲ ಕಾರ್ಯಕ್ರಮದ ಗಡಿಬಿಡಿಯಲ್ಲಿರುತ್ತಾರೆ. ಇದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ: ತಪ್ಪು ಕಂಡರೆ ಅದನ್ನು ಸರಿಪಡಿಸುವ ಅಧಿಕಾರ ಇನ್ನೂ ನಿಮ್ಮ ಕೈಯಲ್ಲಿರಬೇಕು. ಇತ್ಯರ್ಥವಾಗದ ಮುಂಗಡವನ್ನು ಕೇಳಿ ವಸೂಲು ಮಾಡಲು ಮಾಜಿ ಖಜಾಂಚಿಗೆ ಹಕ್ಕೂ ಇಲ್ಲ, ಮುಖವೂ ಇಲ್ಲ.

ಐದು ಜನ ಸಾಕು: ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಮುಂದಿನ ವರ್ಷಕ್ಕೆ ಆಯ್ಕೆಯಾದವರು ಒಬ್ಬರು, ಸಮಿತಿಯಲ್ಲಿಲ್ಲದ ಸಾಮಾನ್ಯ ಸದಸ್ಯರು ಒಬ್ಬರು. ಕೊನೆಯವರನ್ನು ಬಿಡಬೇಡಿ. ಸಮಿತಿಯವರಿಗೆ ಎಲ್ಲ ಕಾರ್ಯಕ್ರಮವೂ ಒಳಗಿನಿಂದ ಕಂಡಿರುತ್ತದೆ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು, ಏಳೂವರೆಗೆ ಎಂದು ಕರೆದ ಸಭೆ ಎಂಟೂಮುಕ್ಕಾಲಿಗೆ ಶುರುವಾಗುವುದನ್ನು ಕಾದು ನೋಡಿದವರು ಅವರೊಬ್ಬರೇ.

ಎರಡು ಬೈಠಕ್ ಇಟ್ಟುಕೊಳ್ಳಿ, ತಲಾ ಎರಡೂವರೆ ಗಂಟೆ, ನಡುವೆ ಒಂದು ವಾರ. ಮೊದಲನೆಯದು ಲೆಕ್ಕ ನೋಡುವುದಕ್ಕೆ, ಎರಡನೆಯದು ತೀರ್ಮಾನಕ್ಕೆ. ಒಂದೇ ದಿನ ಎರಡನ್ನೂ ಮುಗಿಸಲು ಹೋದರೆ ಲೆಕ್ಕ ನೋಡುವ ಮೊದಲೇ ಅಭಿಪ್ರಾಯಗಳು ಗಟ್ಟಿಯಾಗಿಬಿಡುತ್ತವೆ. ಹೋಟೆಲಿನಲ್ಲಿ ಊಟದ ಜೊತೆ ಈ ಸಭೆ ಬೇಡ. ಯಾರದ್ದಾದರೂ ಕ್ಲಿನಿಕ್ಕಿನ ಮೇಲಿನ ಕೋಣೆ, ಭಾನುವಾರ ಬೆಳಗ್ಗೆ ಹತ್ತು ಗಂಟೆ, ಕಾಫಿ ಇದ್ದರೆ ಸಾಕು.

ಮೊದಲು ಕಾಗದ ಒಟ್ಟುಮಾಡಿ

ನೆನಪಿನಿಂದ ಮಾಡಿದ ಅವಲೋಕನದಲ್ಲಿ ಕೊನೆಯ ಮೂರು ತಿಂಗಳು ಮತ್ತು ಒಂದು ಜಗಳ, ಇಷ್ಟೇ ಇರುತ್ತದೆ. ಆದ್ದರಿಂದ ಬೈಠಕ್‌ಗೆ ಮುಂಚೆ ಕಾರ್ಯದರ್ಶಿ ಇವನ್ನೆಲ್ಲ ಒಂದೇ ಮೇಜಿನ ಮೇಲೆ ತರಬೇಕು: ನಡಾವಳಿ ಪುಸ್ತಕ, ಪ್ರತಿ ಕಾರ್ಯಕ್ರಮದ ಹಾಜರಿ, ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ವೋಚರ್ ಕಡತ, ರಸೀದಿ ಪುಸ್ತಕಗಳು, ಆಹ್ವಾನಗಳ ಪ್ರತಿ, ಶಾಖೆಯ ವಾಟ್ಸ್ಆ್ಯಪ್ ಗ್ರೂಪಿನ ಎಕ್ಸ್‌ಪೋರ್ಟ್. ಕೊನೆಯದನ್ನು ಫೋಟೊಗಳಿಲ್ಲದೆ ತೆಗೆದುಕೊಂಡರೆ ಸಣ್ಣ ಪಠ್ಯ ಕಡತವಾಗುತ್ತದೆ, ಅದರಲ್ಲಿ ದಿನಾಂಕ ಹಿಡಿದು ಹುಡುಕಬಹುದು. ಕಾರ್ಯಕ್ರಮವನ್ನು ಎಷ್ಟು ದಿನ ಮುಂಚೆ ತಿಳಿಸಿದ್ದು, ಎಷ್ಟು ಸಲ ನೆನಪಿಸಿದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಹಾಜರಿಯಲ್ಲೇ ಹೆಚ್ಚು ತೊಂದರೆ. ಬಿಡಿ ಹಾಳೆಯಲ್ಲಿ ಸಹಿ ತೆಗೆದುಕೊಂಡಿದ್ದರೆ ಕೆಲವು ಹಾಳೆ ಸಿಗುವುದಿಲ್ಲ, ಸಿಕ್ಕವುಗಳಲ್ಲಿ ವೈದ್ಯರ ಸಹಿ ಓದಲು ಬರುವುದಿಲ್ಲ. ಊಟಕ್ಕೆ ಮಾತ್ರ ಬಂದವರೂ ಸಹಿ ಮಾಡಿರುತ್ತಾರೆ, ಕೆಲವು ಕಡೆ ಮನೆಯವರೂ ಸೇರಿ ಒಟ್ಟು ಸಂಖ್ಯೆ ಉಬ್ಬಿರುತ್ತದೆ. ಈ ವರ್ಷದ್ದನ್ನು ಫೋಟೊ ನೋಡಿ ಆದಷ್ಟು ತುಂಬಿಸಿ. ಮುಂದಿನ ವರ್ಷಕ್ಕೆ ಸದಸ್ಯತ್ವ ಸಂಖ್ಯೆ ಮತ್ತು ಹೆಸರು ಮೊದಲೇ ಅಚ್ಚಾದ ಹಾಜರಿ ಪುಸ್ತಕ ಮಾಡಿಸಿಡಿ, ಹೆಸರಿನ ಮುಂದೆ ಸಹಿ ಮಾತ್ರ ಹಾಕುವಂತಿರಲಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಅಂಕ ಪಡೆದ ಸಿಎಂಇಗಳ (ವೈದ್ಯರ ನಿರಂತರ ಶಿಕ್ಷಣದ ಕಾರ್ಯಕ್ರಮಗಳ) ಹಾಜರಿ ಮಟ್ಟಿಗೆ ಈ ತಾಪತ್ರಯ ಕಡಿಮೆ. ಪರಿಷತ್ತಿನ ವೀಕ್ಷಕರು ಬಂದಿರುತ್ತಾರೆ, ನೋಂದಣಿ ಸಂಖ್ಯೆ ಸಮೇತ ಪಟ್ಟಿ ಇರುತ್ತದೆ.

ಒಂದು ಕಾರ್ಯಕ್ರಮಕ್ಕೆ ಒಂದು ಸಾಲು

ಸ್ಪ್ರೆಡ್‌ಶೀಟಿನಲ್ಲಿ ಕಾರ್ಯಕ್ರಮಕ್ಕೊಂದು ಸಾಲು ಹಾಕಿ. ಕಲಂಗಳು ಹೀಗಿರಲಿ: ದಿನಾಂಕ ಮತ್ತು ವಾರ, ಆಹ್ವಾನದಲ್ಲಿದ್ದ ಸಮಯ, ನಿಜವಾಗಿ ಆರಂಭವಾದ ಸಮಯ, ವಿಷಯ, ಉಪನ್ಯಾಸಕರು, ಬಂದ ಸದಸ್ಯರು, ಅವರಲ್ಲಿ ಸಮಿತಿಯವರಲ್ಲದವರು ಎಷ್ಟು, ಒಟ್ಟು ಖರ್ಚು, ಪ್ರಾಯೋಜಕರಿಂದ ಬಂದದ್ದು, ಶಾಖೆಯ ಕೈಯಿಂದ ಹೋದದ್ದು, ಹೊಣೆ ಹೊತ್ತವರು, ಅವರು ಕೊಟ್ಟ ಗಂಟೆಗಳ ಅಂದಾಜು.

ಗಂಟೆಯ ಕಲಂ ನೋಡಿ ಎಲ್ಲರೂ ನಗುತ್ತಾರೆ. ಆದರೂ ತುಂಬಿಸಿ. ಸಭಾಂಗಣ ಗೊತ್ತುಮಾಡುವುದು, ಉಪನ್ಯಾಸಕರಿಗೆ ಐದಾರು ಸಲ ಫೋನು, ಬ್ಯಾನರಿನ ಕರಡು ತಿದ್ದುವುದು, ಕ್ರೆಡಿಟ್ ಅಂಕದ ಅರ್ಜಿ, ಕೇಟರಿಂಗ್‌ನವರ ಜೊತೆ ಚೌಕಾಸಿ, ಪತ್ರಿಕಾ ಪ್ರಕಟಣೆ, ಮರುದಿನದ ಲೆಕ್ಕ. ಕೂಡಿಸಿದರೆ ಸಾಧಾರಣ ಸಂಜೆ ಉಪನ್ಯಾಸಕ್ಕೂ ಹನ್ನೆರಡು ಹದಿನೈದು ಗಂಟೆ ಸಲೀಸಾಗಿ ಆಗುತ್ತದೆ. ಹೊರಗಿನ ತಜ್ಞರನ್ನು ಕರೆಸಿ ದಿನವಿಡೀ ಮಾಡುವ ಸಮ್ಮೇಳನದ್ದು ಬೇರೆಯೇ ಲೆಕ್ಕ. ಶಾಖೆಗೆ ನಿಜವಾಗಿ ಕೊರತೆ ಇರುವುದು ಹಣಕ್ಕಲ್ಲ, ಸಂಜೆಯ ಒಪಿಡಿ (ಹೊರರೋಗಿಗಳ ತಪಾಸಣೆ) ಬಿಟ್ಟು ಬರುವವರ ಈ ಗಂಟೆಗಳಿಗೆ. ಹಣದ ಖರ್ಚನ್ನು ರೂಪಾಯಿ ರೂಪಾಯಿ ಬರೆದು ಗಂಟೆಯ ಖರ್ಚನ್ನು ಬರೆಯದೆ ಬಿಟ್ಟರೆ ತಪ್ಪು ಕಾರ್ಯಕ್ರಮಗಳೇ ಅಗ್ಗವಾಗಿ ಕಾಣುತ್ತವೆ.

ಸರಾಸರಿ ಹಾಜರಿಯನ್ನು ನಂಬಬೇಡಿ

ಇಲ್ಲಿ ತಾಳ್ಮೆಯಿಂದ ಕೂರಿ. ಎಡಕ್ಕೆ ಎಲ್ಲ ಸದಸ್ಯರ ಹೆಸರು, ಮೇಲೆ ಎಲ್ಲ ಕಾರ್ಯಕ್ರಮ; ಬಂದಿದ್ದರೆ 1, ಇಲ್ಲದಿದ್ದರೆ ಖಾಲಿ. ಪ್ರತಿ ಸದಸ್ಯರ ಸಾಲನ್ನು ಕೂಡಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ.

ಲೆಕ್ಕಕ್ಕೆ ಒಂದು ಶಾಖೆಯಲ್ಲಿ 120 ಸದಸ್ಯರು, 18 ಕಾರ್ಯಕ್ರಮ, ಸರಾಸರಿ ಹಾಜರಿ 38 ಎಂದಿಟ್ಟುಕೊಳ್ಳಿ. ವರದಿಯಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ. ಒಟ್ಟು ಸಹಿ 684. ಜೋಡಿಸಿದ ಮೇಲೆ 22 ಜನ ತಲಾ 14 ಸಲ ಬಂದಿದ್ದಾರೆ, 30 ಜನ ಎಂಟೆಂಟು ಸಲ, 34 ಜನ ನಾಲ್ಕು ನಾಲ್ಕು ಸಲ ಎಂದು ತಿಳಿಯಿತು ಅನ್ನಿ. ಆಗ 684 ಸಹಿಯಲ್ಲಿ 308, ಅಂದರೆ ಶೇ 45, ಆ 22 ಜನರದ್ದೇ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಸಮಿತಿಯವರೇ ಇರುತ್ತಾರೆ. ಉಳಿದ 34 ಸದಸ್ಯರು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ. ಸರಾಸರಿ ಇವೆರಡನ್ನೂ ಮುಚ್ಚಿಹಾಕಿತ್ತು.

ಒಮ್ಮೆಯೂ ಬಾರದವರ ಪಟ್ಟಿಯಿಂದ ಹತ್ತು ಜನರಿಗೆ ಫೋನು ಮಾಡಿ. ಊರಲ್ಲಿಲ್ಲದವರು, ನಿವೃತ್ತರಾಗಿ ಮಕ್ಕಳ ಜೊತೆ ಹೊರದೇಶದಲ್ಲಿರುವವರು, ತೀರಿಕೊಂಡರೂ ಪಟ್ಟಿಯಲ್ಲಿ ಉಳಿದವರು ಕೂಡ ಇರುತ್ತಾರೆ. ಮೊದಲು ಅವರನ್ನು ಬೇರೆ ಮಾಡಿಕೊಳ್ಳಿ. ಆಜೀವ ಸದಸ್ಯತ್ವ ಕೊಡುವ ಸಂಘಗಳಲ್ಲಿ ಈ ಗುಂಪು ವರ್ಷವರ್ಷಕ್ಕೆ ಬೆಳೆಯುತ್ತದೆ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಲೆಕ್ಕಕ್ಕೂ ತೊಡಕಾಗುತ್ತದೆ.

ಫೋನಿನಲ್ಲಿ "ಯಾಕೆ ಸರ್ ಬರೋದೇ ಇಲ್ಲ?" ಎಂದು ಕೇಳಿದರೆ "ಬ್ಯುಸಿ ಕಣ್ರೀ" ಎಂಬ ಉತ್ತರ ಬಿಟ್ಟು ಇನ್ನೇನೂ ಸಿಗದು, ಆ ಪ್ರಶ್ನೆಯಲ್ಲಿ ದೂರು ಇದೆ. ಹೀಗೆ ಕೇಳಿ ನೋಡಿ: "ಮೇಡಂ, ನೀವು ಕೊನೇ ಸಲ ಬಂದಿದ್ದು ಯಾವ ಪ್ರೋಗ್ರಾಂಗೆ? ನಿಮ್ಮ ಕ್ಲಿನಿಕ್ಕು ಎಷ್ಟು ಗಂಟೆಗೆ ಮುಗಿಯುತ್ತೆ? ವಾರದಲ್ಲಿ ಯಾವ ದಿನ ಸ್ವಲ್ಪ ಬಿಡುವು?" ನಿಜವಾದ ಕಾರಣಗಳು ಆಗ ಹೊರಬರುತ್ತವೆ. ರಾತ್ರಿ ಎಂಟೂವರೆಗೆ ಶುರುವಾಗಿ ಹನ್ನೊಂದಕ್ಕೆ ಮುಗಿಯುವ ಸಭೆಗೆ ಚಿಕ್ಕ ಮಕ್ಕಳಿರುವ ವೈದ್ಯೆಯರು ಬರುವುದು ಕಷ್ಟ. ಒಬ್ಬರೇ ನರ್ಸಿಂಗ್ ಹೋಂ ನಡೆಸುವವರಿಗೆ ಹೆರಿಗೆ ಪ್ರಕರಣವಿದ್ದರೆ ಹೊಸ್ತಿಲು ದಾಟಲಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಯವರಿಗೆ ಡ್ಯೂಟಿ ಪಟ್ಟಿ ತಿಂಗಳ ಮೊದಲೇ ಆಗಿರುತ್ತದೆ, ನಾಲ್ಕು ದಿನ ಮುಂಚೆ ಬಂದ ಆಹ್ವಾನದಿಂದ ಅವರಿಗೆ ಪ್ರಯೋಜನವಿಲ್ಲ. ಕಾರ್ಪೊರೇಟ್ ಆಸ್ಪತ್ರೆಯ ಕಿರಿಯರಿಗೆ ಶಾಖೆಯಲ್ಲಿ ಯಾರ ಪರಿಚಯವೂ ಇರುವುದಿಲ್ಲ. ಕಾರಣ ಬೇರೆಬೇರೆಯಾದ್ದರಿಂದ ಒಂದೇ ಮದ್ದು ಇಲ್ಲ. ಆದರೆ ತಿಂಗಳ ಕಾರ್ಯಕ್ರಮಗಳಲ್ಲಿ ಕೆಲವನ್ನಾದರೂ ಭಾನುವಾರ ಬೆಳಗ್ಗೆಗೆ ಸರಿಸುವುದು, ವರ್ಷದ ದಿನಾಂಕಗಳನ್ನು ಮೊದಲೇ ಗೊತ್ತುಪಡಿಸಿ ಕಳಿಸುವುದು, ಇವೆರಡೇ ಅರ್ಧ ಪಟ್ಟಿಯನ್ನು ಮುಟ್ಟುತ್ತವೆ.

ಕಾಲದ ಕಡೆಗೂ ಕಣ್ಣಿಡಿ. ಮಳೆಗಾಲದ ಜ್ವರದ ದಿನಗಳಲ್ಲಿ ವೈದ್ಯರ ಹಾಜರಿ ಬೀಳುವುದು ಸಹಜ. ಮಾರ್ಚ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಲೆಕ್ಕಪರಿಶೋಧಕರದ್ದೂ ಅದೇ ಕಥೆ. ಜುಲೈ 1ರ ವೈದ್ಯರ ದಿನ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ಸರಿಸಲು ಬರುವಂಥವಲ್ಲ. ಉಳಿದವನ್ನು ಅವುಗಳ ಸುತ್ತ ಜೋಡಿಸಬೇಕು.

ಕ್ರೆಡಿಟ್ ಅಂಕ ಇದ್ದ, ಇಲ್ಲದ ಕಾರ್ಯಕ್ರಮಗಳನ್ನು ಬೇರೆಬೇರೆ ನೋಡುವುದು ಒಳ್ಳೆಯದು. ಕರ್ನಾಟಕದಲ್ಲಿ ನೋಂದಣಿ ನವೀಕರಣಕ್ಕೆ ವೈದ್ಯರಿಗೆ ಐದು ವರ್ಷದಲ್ಲಿ 30 ಕ್ರೆಡಿಟ್ ಗಂಟೆ ಬೇಕು. ಅಂಕಕ್ಕಾಗಿ ಬಂದ ಹಾಜರಿಯನ್ನು ಶಾಖೆಯ ಮೇಲಿನ ಪ್ರೀತಿ ಎಂದು ಎಣಿಸಬಾರದು. ಅಂಕವಿಲ್ಲದೆಯೂ ಜನ ಬಂದ ಕಾರ್ಯಕ್ರಮ ಯಾವುದೋ ಅದನ್ನು ಗುರುತು ಮಾಡಿ ಇಟ್ಟುಕೊಳ್ಳಿ. ಅಂಥವು ವರ್ಷಕ್ಕೆ ಎರಡೋ ಮೂರೋ ಇರುತ್ತವೆ: ಚಿಕಿತ್ಸೆಯಲ್ಲಿನ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳುವ ಮೊಕದ್ದಮೆಗಳ ಬಗ್ಗೆ ವಕೀಲರ ಮಾತು, ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯ ತೊಡಕುಗಳ ಚರ್ಚೆ, ಕುಟುಂಬ ಸಮೇತ ಪ್ರವಾಸ. ಇಂಥವುಗಳಲ್ಲೇ ಸದಸ್ಯರಿಗೆ ಶಾಖೆ ಯಾಕೆ ಬೇಕು ಎಂಬುದು ಕಾಣುವುದು.

ದುಡ್ಡು ಎಲ್ಲಿ ಹೋಯಿತು

ಶಾಖೆಯ ವರ್ಷಕ್ಕೂ ಹಣಕಾಸು ವರ್ಷಕ್ಕೂ ತಾಳೆ ಇರುವುದಿಲ್ಲ. ಎಂಜಿನಿಯರರ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯ ಘಟಕಗಳದ್ದು ಜನವರಿಯಿಂದ ಡಿಸೆಂಬರ್, ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಶಾಖೆಗಳಲ್ಲಿ ಪದಾಧಿಕಾರಿಗಳು ಬದಲಾಗುವುದು ಫೆಬ್ರವರಿಯಲ್ಲಿ, ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಹೀಗಾಗಿ ಲೆಕ್ಕಪರಿಶೋಧನೆಯಾದ ತಃಖ್ತೆಯಲ್ಲಿ ಎರಡು ಸಮಿತಿಗಳ ಖರ್ಚು ಬೆರೆತಿರುತ್ತದೆ. ಅವಲೋಕನಕ್ಕೆ ಆ ತಃಖ್ತೆಯನ್ನಲ್ಲ, ನಿಮ್ಮ ಅವಧಿಯ ಬ್ಯಾಂಕ್ ಸ್ಟೇಟ್‌ಮೆಂಟನ್ನು ಹಿಡಿಯಿರಿ.

ಮೊದಲು ಊಟ. ಕೇಟರಿಂಗ್‌ನವರು ಕನಿಷ್ಠ ತಟ್ಟೆಯ ಖಾತರಿ ಕೇಳುತ್ತಾರೆ. 60 ತಟ್ಟೆಗೆ ₹450ರಂತೆ ಒಪ್ಪಿ 38 ಜನ ಬಂದರೆ ಕೊಟ್ಟದ್ದು ₹27,000, ತಲೆಗೆ ಬಿದ್ದದ್ದು ₹710. ಹದಿನೆಂಟು ಕಾರ್ಯಕ್ರಮದಲ್ಲಿ ಹೀಗೆ ಎಷ್ಟು ಸಲ ಆಯಿತು ಎಂದು ಬರೆಯಿರಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹೆಬ್ಬೆರಳು ಎತ್ತಿದವರನ್ನೆಲ್ಲ ಎಣಿಸಿ ತಟ್ಟೆ ಹೇಳಿದ್ದೇ ಹೆಚ್ಚಿನ ಸಲ ಕಾರಣ. ಹಿಂದಿನ ಇಂಥದೇ ಕಾರ್ಯಕ್ರಮದ ನಿಜ ಹಾಜರಿಗಿಂತ ಐದು ತಟ್ಟೆ ಮಾತ್ರ ಹೆಚ್ಚು ಖಾತರಿ ಕೊಟ್ಟು, ಅದರ ಮೇಲೆ ಹತ್ತು ಜನ ಬಂದರೂ ನಿಭಾಯಿಸಬೇಕು ಎಂದು ಮಾತಾಡಿಕೊಳ್ಳಬಹುದು. ಹೆಚ್ಚಿನ ಕೇಟರಿಂಗ್‌ನವರು ಒಪ್ಪುತ್ತಾರೆ.

ಆಮೇಲೆ ಹಾರ, ಶಾಲು, ಪೇಟ, ನೆನಪಿನ ಕಾಣಿಕೆ. ಇದನ್ನು ಯಾರೂ ಒಟ್ಟು ಮಾಡಿ ನೋಡಿರುವುದಿಲ್ಲ. ವೇದಿಕೆಯ ಮೇಲೆ ಐದು ಜನ, ತಲಾ ₹800 ಎಂದು ಹಿಡಿದರೆ ಒಂದು ಸಂಜೆಗೆ ₹4,000, ಹದಿನೆಂಟು ಸಂಜೆಗೆ ₹72,000. ಅದೇ ವರ್ಷ ಕಿರಿಯ ಸದಸ್ಯರನ್ನು ರಾಜ್ಯ ಸಮ್ಮೇಳನಕ್ಕೆ ಕಳಿಸಲು ಎಷ್ಟು ಕೊಟ್ಟಿರಿ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಸನ್ಮಾನ ನಿಲ್ಲಿಸಿ ಎಂದರೆ ಊರಿನಲ್ಲಿ ನಡೆಯುವ ಮಾತಲ್ಲ. ಆದರೆ ಹೊರಗಿನಿಂದ ಬಂದ ಉಪನ್ಯಾಸಕರಿಗೆ ಮಾತ್ರ ಶಾಲು, ನಮ್ಮ ಪದಾಧಿಕಾರಿಗಳಿಗೆ ವರ್ಷಕ್ಕೊಮ್ಮೆ ಎಂಬ ಕಟ್ಟಳೆಯನ್ನು ಸಮಿತಿ ಠರಾವಿನಿಂದ ತರಬಹುದು.

ಮುಂಗಡದ ಪಟ್ಟಿ ಬೇರೆ ಮಾಡಿ: ಯಾರಿಗೆ, ಎಂದು, ಎಷ್ಟು, ಬಿಲ್ಲು ಬಂತೇ, ಉಳಿಕೆ ಮರಳಿತೇ. ಹತ್ತು ದಿನದೊಳಗೆ ಇತ್ಯರ್ಥವಾಗದ ಮುಂಗಡಕ್ಕೆ ಮೂರು ತಿಂಗಳ ಮೇಲೆ ಬಿಲ್ಲು ಹುಟ್ಟುವುದಿಲ್ಲ. ಹೂವಿನವನು, ಆಟೋದವನು ರಸೀದಿ ಕೊಡುವುದಿಲ್ಲ, ತಂದವರಿಗೂ ನೆನಪಿರುವುದಿಲ್ಲ. ಮೋಸವಲ್ಲ ಇದು, ಬರೀ ಮರೆವು. ಆದರೆ ಮಹಾಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ಎರಡಕ್ಕೂ ವ್ಯತ್ಯಾಸ ಕಾಣಿಸುವುದಿಲ್ಲ. ಆದಾಯ ತೆರಿಗೆ ವಿನಾಯಿತಿಗೆ ನೋಂದಾಯಿಸಿಕೊಂಡ ಶಾಖೆಯಾದರೆ ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟಿರುವ ವೋಚರುಗಳನ್ನೂ ಹೆಕ್ಕಿ ಲೆಕ್ಕಪರಿಶೋಧಕರ ಮುಂದಿಡಿ. ಆ ಖರ್ಚು ವಿನಾಯಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಾಯೋಜಕತ್ವದಲ್ಲಿ ಹಣಕ್ಕಿಂತ ಬಾಯಿಮಾತು ಅಪಾಯ. "ಮುಂದಿನ ಸಮ್ಮೇಳನದಲ್ಲೂ ಮೊದಲ ಸ್ಟಾಲು ನಿಮಗೇ" ಎಂದು ಯಾರೋ ಹೇಳಿರುತ್ತಾರೆ, ಮುಂದಿನ ಸಮಿತಿಗೆ ಗೊತ್ತೇ ಇರುವುದಿಲ್ಲ. ಕೊಟ್ಟ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ವೈದ್ಯರ ಶಾಖೆಗಳು ಕೇಂದ್ರ ಔಷಧ ಇಲಾಖೆ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಯುಸಿಪಿಎಂಪಿ (ಔಷಧ ಕಂಪನಿಗಳ ಮಾರಾಟ-ಪ್ರಚಾರದ ನಡವಳಿಕೆಯ) ಸಂಹಿತೆಯನ್ನೂ ಎದುರಿಗಿಟ್ಟುಕೊಳ್ಳಬೇಕು. ಔಷಧ ಕಂಪನಿಗಳು ವೈದ್ಯರಿಗೆ ಉಡುಗೊರೆ ಕೊಡುವುದನ್ನು ಅದು ಒಪ್ಪುವುದಿಲ್ಲ, ಸಿಎಂಇಗೆ ಕೊಟ್ಟ ಖರ್ಚನ್ನು ಕಂಪನಿ ಬಹಿರಂಗಪಡಿಸಬೇಕೆನ್ನುತ್ತದೆ. ಹಳೆಯ ರೂಢಿಯಂತೆ ಕಂಪನಿಯವರೇ ನೇರ ಹೋಟೆಲಿಗೆ ಹಣ ಕಟ್ಟಿ ಶಾಖೆಯ ಪುಸ್ತಕದಲ್ಲಿ ಏನೂ ಕಾಣದ ಕಾರ್ಯಕ್ರಮಗಳಿದ್ದರೆ ಈ ಬೈಠಕ್‌ನಲ್ಲೇ ಹೆಸರು ಹಿಡಿದು ಮಾತಾಡಿ.

ಹೊಸ ಸದಸ್ಯರ ಶುಲ್ಕದಲ್ಲಿ ರಾಜ್ಯ ಮತ್ತು ಕೇಂದ್ರ ಕಚೇರಿಯ ಪಾಲು ಇರುತ್ತದಲ್ಲ, ಅದು ಕಳಿಸಿ ಆಗಿದೆಯೇ ಎಂದೂ ನೋಡಿ. ಶಾಖೆಯ ಖಾತೆಯಲ್ಲಿ ಆ ಹಣ ಕೂತಿದ್ದರೆ ಉಳಿತಾಯ ಹೆಚ್ಚಿದಂತೆ ಕಾಣುತ್ತದೆ. ಅತ್ತ ಆ ಸದಸ್ಯರಿಗೆ ಸದಸ್ಯತ್ವ ಸಂಖ್ಯೆಯೇ ಬಂದಿರುವುದಿಲ್ಲ.

ಠರಾವುಗಳ ಗತಿ

ನಡಾವಳಿ ಪುಸ್ತಕದಿಂದ ವರ್ಷದ ಎಲ್ಲ ತೀರ್ಮಾನಗಳನ್ನು ಬರೆದುಕೊಂಡು ಪಕ್ಕದಲ್ಲಿ ಆಯಿತು, ಅರ್ಧ ಆಯಿತು, ಶುರುವಾಗಲಿಲ್ಲ ಎಂದು ಗುರುತು ಹಾಕಿ. ಒಂದು ಗಂಟೆಯ ಕೆಲಸ. ಶುರುವೇ ಆಗದವುಗಳನ್ನು ನೋಡಿದರೆ ಸಾಮಾನ್ಯವಾಗಿ ಒಂದೇ ಲಕ್ಷಣ: "ತೀರ್ಮಾನಿಸಲಾಯಿತು" ಎಂದಿರುತ್ತದೆ, ಯಾರು, ಯಾವ ತಾರೀಖಿನೊಳಗೆ ಎಂದಿರುವುದಿಲ್ಲ.

ಯಾರ ಹೆಗಲ ಮೇಲೆ ಎಷ್ಟು

ಕೆಲಸಗಳ ಪಟ್ಟಿ ಮಾಡಿ: ಸಭಾಂಗಣ, ಪ್ರೊಜೆಕ್ಟರ್ ಮತ್ತು ಮೈಕು, ಆಹ್ವಾನ, ಉಪನ್ಯಾಸಕರ ಸಂಪರ್ಕ, ಕ್ರೆಡಿಟ್ ಅಂಕದ ಅರ್ಜಿ, ಊಟ, ನಿರೂಪಣೆ, ಪತ್ರಿಕೆ, ಫೋಟೊ, ಲೆಕ್ಕ. ಪ್ರತಿಯೊಂದರ ಮುಂದೆ ವರ್ಷದಲ್ಲಿ ಹೆಚ್ಚು ಸಲ ಮಾಡಿದವರ ಹೆಸರು. ಹತ್ತರಲ್ಲಿ ಏಳರ ಮುಂದೆ ಕಾರ್ಯದರ್ಶಿಯ ಹೆಸರಿದ್ದರೆ ಅದು ಅವರ ದಕ್ಷತೆಯ ಪ್ರಮಾಣಪತ್ರವಲ್ಲ. ಆ ಹುದ್ದೆಗೆ ಮುಂದೆ ಯಾರೂ ಒಪ್ಪದಿರುವುದಕ್ಕೆ ಅದೇ ಕಾರಣ. ಚುನಾವಣೆ ಬಂದಾಗ ಹಿರಿಯರು ಮನೆಮನೆಗೆ ಹೋಗಿ ಒಲಿಸಬೇಕಾಗುವುದೂ ಅದಕ್ಕೇ.

ಈ ಪಟ್ಟಿಯನ್ನೇ ಮುಂದಿನ ಸಮಿತಿಗೆ ಹಂಚಿಕೆಯ ಕರಡಾಗಿ ಕೊಡಿ. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೆಲಸ ಬೇಡ. ವರ್ಷವಿಡೀ ಹೊಣೆ ಹೊರಲು ಹಿಂಜರಿಯುವ ಸದಸ್ಯರೂ "ಸೆಪ್ಟೆಂಬರ್ ಕಾರ್ಯಕ್ರಮದ ಊಟ ಮಾತ್ರ ನೋಡಿಕೊಳ್ಳಿ ಡಾಕ್ಟ್ರೇ" ಎಂದರೆ ಒಪ್ಪುತ್ತಾರೆ. ಒಮ್ಮೆ ಮಾಡಿದವರೇ ಮರುವರ್ಷ ಸಮಿತಿಗೆ ಬರುವವರು. ಆದ್ದರಿಂದ ಈ ವರ್ಷ ಮೊದಲ ಬಾರಿ ಏನಾದರೊಂದು ಕೆಲಸ ವಹಿಸಿಕೊಂಡವರು ಎಷ್ಟು ಜನ ಎಂಬುದನ್ನು ತಪ್ಪದೆ ಎಣಿಸಿ. ಒಂದು ಶಾಖೆ ಹೇಗಿದೆ ಎಂದು ಒಂದೇ ಅಂಕಿಯಲ್ಲಿ ಹೇಳಬೇಕೆಂದರೆ ಅದು ಕಾರ್ಯಕ್ರಮಗಳ ಸಂಖ್ಯೆಯಲ್ಲ, ಇದು.

ಎರಡನೆಯ ಬೈಠಕ್

ಲೆಕ್ಕದ ಹಾಳೆಗಳನ್ನು ಎರಡು ದಿನ ಮುಂಚೆ ಐವರಿಗೂ ಕಳಿಸಿರಿ. ಮಾತಿನ ಸರದಿ ಕಿರಿಯರಿಂದ ಶುರುವಾಗಲಿ, ಅಧ್ಯಕ್ಷರದ್ದು ಕೊನೆ. ನಮ್ಮಲ್ಲಿ ಹಿರಿಯರು ಒಂದು ಮಾತು ಹೇಳಿಬಿಟ್ಟರೆ ಅದಕ್ಕೆ ಎದುರಾಡುವವರಿಲ್ಲ, ಅದರಲ್ಲೂ ಅವರು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದ ಮೇಷ್ಟ್ರಾಗಿದ್ದರಂತೂ ಮುಗಿಯಿತು.

ಮೂರು ವಿಭಾಗದಲ್ಲಿ ತೀರ್ಮಾನ ಬರೆಯಿರಿ: ಹಾಗೇ ಮುಂದುವರಿಯಬೇಕಾದದ್ದು, ಬದಲಿಸಿ ಮಾಡಬೇಕಾದದ್ದು, ನಿಲ್ಲಿಸಬೇಕಾದದ್ದು. ಮೂರನೆಯದರಲ್ಲಿ ಕನಿಷ್ಠ ಎರಡು ಇರಲೇಬೇಕು ಎಂದು ಮೊದಲೇ ಕಟ್ಟುಪಾಡು ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಅಧ್ಯಕ್ಷರೂ ತಮ್ಮದೊಂದು ಹೊಸ ಯೋಜನೆ ಸೇರಿಸುತ್ತ, ಹಳೆಯದನ್ನು ಯಾರೂ ತೆಗೆಯದೆ, ಐದು ವರ್ಷದಲ್ಲಿ ಯಾವ ಸಮಿತಿಯೂ ಹೊರಲಾಗದ ಪಟ್ಟಿ ಬೆಳೆದಿರುತ್ತದೆ.

ನಿಲ್ಲಿಸುವಾಗ ದತ್ತಿ ಉಪನ್ಯಾಸಗಳ ವಿಷಯದಲ್ಲಿ ಎಚ್ಚರ. ಯಾರದೋ ನೆನಪಿಗೆ ಕುಟುಂಬದವರು ₹50,000 ಇಟ್ಟಿರುತ್ತಾರೆ, ಶೇ 6.5ರ ಬಡ್ಡಿಯಲ್ಲಿ ವರ್ಷಕ್ಕೆ ಬರುವುದು ₹3,250, ಉಪನ್ಯಾಸಕ್ಕೆ ಆಗುವ ಖರ್ಚು ₹12,000 ಎಂದರೆ ಉಳಿದದ್ದನ್ನು ಶಾಖೆಯೇ ತುಂಬುತ್ತಿದೆ. ಹಾಗೆಂದು ಸುಮ್ಮನೆ ಬಿಡುವಂತಿಲ್ಲ. ದತ್ತಿ ಪತ್ರದಲ್ಲಿ ಏನು ಬರೆದಿದೆ, ಪ್ರತಿ ವರ್ಷ ಎಂದಿದೆಯೇ, ಪ್ರತ್ಯೇಕ ಕಾರ್ಯಕ್ರಮ ಎಂದಿದೆಯೇ ನೋಡಿ. ಎರಡು ಮೂರು ದತ್ತಿಗಳನ್ನು ಒಂದೇ ಭಾನುವಾರ ಸೇರಿಸಿ ಮಾಡುವುದು ಅಥವಾ ಮೂಲಧನ ಹೆಚ್ಚಿಸಲು ಕುಟುಂಬವನ್ನು ಕೇಳುವುದು ಒಂದು ದಾರಿ. ಕೇಳಲು ಅಧ್ಯಕ್ಷರೇ ಮನೆಗೆ ಹೋಗಬೇಕು, ಪತ್ರ ಕಳಿಸುವ ವಿಷಯವಲ್ಲ.

ಕೆಟ್ಟುಹೋದ ಕಾರ್ಯಕ್ರಮ ಒಂದನ್ನು ಮಾತ್ರ ಆರಿಸಿ ಬಿಡಿಸಿ ನೋಡಿ. ಹಳ್ಳಿಯಲ್ಲಿ ಮಾಡಿದ ಆರೋಗ್ಯ ಶಿಬಿರಕ್ಕೆ ಜನ ಬರಲಿಲ್ಲ ಎನ್ನಿ. "ಪ್ರಚಾರ ಸಾಲದು" ಎಂಬ ಉತ್ತರಕ್ಕೆ ನಿಲ್ಲಬೇಡಿ. ಅಂದು ಪಕ್ಕದ ಊರಿನಲ್ಲಿ ಸಂತೆಯಿತ್ತೇ? ಕೊಯ್ಲಿನ ದಿನಗಳೇ? ಆಶಾ ಕಾರ್ಯಕರ್ತೆಯರಿಗೆ ಎಷ್ಟು ದಿನ ಮುಂಚೆ ಹೇಳಿದ್ದು? ಗ್ರಾಮ ಪಂಚಾಯಿತಿಗೆ ಪತ್ರ ಹೋಗಿತ್ತೇ, ಫೋನು ಮಾತ್ರವೇ? ಬಂದ ರೋಗಿಗಳಿಗೆ ಮುಂದಿನ ಚಿಕಿತ್ಸೆ ಎಲ್ಲಿ ಎಂದು ಚೀಟಿ ಕೊಟ್ಟಿತ್ತೇ? "ಯಾರು" ಎಂಬ ಪ್ರಶ್ನೆ ಬಂದ ತಕ್ಷಣ "ಏನಾಯಿತು" ಎಂಬುದಕ್ಕೆ ತಿರುಗಿಸಿ. ಎಲ್ಲರೂ ಬಿಟ್ಟಿ ದುಡಿದವರು. ಹೆಸರು ಹಿಡಿದು ತಪ್ಪು ತೋರಿಸಿದರೆ ಮುಂದಿನ ವರ್ಷ ಅವರು ಇರುವುದಿಲ್ಲ.

ಈ ಚರ್ಚೆಯ ಒಂದು ಸಾಲೂ ಶಾಖೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗಬಾರದು. ನಡಾವಳಿಯಲ್ಲೂ ತೀರ್ಮಾನ ಮಾತ್ರ ಇರಲಿ.

ಹಸ್ತಾಂತರದ ಹಾಳೆ

ಮಹಾಸಭೆಯ ವರದಿ ಎರಡು ಮೂರು ಪುಟ ಮೀರಬಾರದು. ಅದಕ್ಕಿಂತ ಹೆಚ್ಚು ಶ್ರಮ ಹಸ್ತಾಂತರದ ಟಿಪ್ಪಣಿಗೆ ಕೊಡಿ. ತೀರ್ಮಾನಗಳು, ಹಾಜರಿಯ ಹಾಳೆ, ಕೆಲಸ ಹಂಚಿಕೆಯ ಕರಡು, ಪ್ರಾಯೋಜಕರಿಗೆ ಕೊಟ್ಟ ಮಾತು, ಬಾಕಿ ಬಿಲ್ಲು ಎಲ್ಲವೂ ಅದಕ್ಕೆ ಸೇರುತ್ತವೆ. ವಸ್ತುಗಳ ಪಟ್ಟಿಯೂ ಬೇಕು: ಮೊಹರು, ಲೆಟರ್‌ಹೆಡ್, ಬೀಗದಕೈ, ಮೈಕು, ಪ್ರೊಜೆಕ್ಟರ್ ಯಾರ ಮನೆಯಲ್ಲಿದೆ. ಸ್ವಂತ ಕಟ್ಟಡವಿದ್ದರೆ ಆಸ್ತಿ ಪತ್ರಗಳ ಪ್ರತಿ ಮತ್ತು ಕಂದಾಯ ರಸೀದಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಸಿಗುವ ಶೇ 5 ರಿಯಾಯಿತಿ ಹಸ್ತಾಂತರದ ಗೊಂದಲದಲ್ಲೇ ತಪ್ಪಿಹೋಗುವುದು ಹೆಚ್ಚು.

ಬ್ಯಾಂಕಿನ ಕೆಲಸ ತಡವಾದರೆ ಹೊಸ ಸಮಿತಿ ತಿಂಗಳುಗಟ್ಟಲೆ ಕೈಕಟ್ಟಿ ಕೂರಬೇಕಾಗುತ್ತದೆ. ಸಹಿದಾರರ ಬದಲಾವಣೆಗೆ ಠರಾವಿನ ದೃಢೀಕೃತ ಪ್ರತಿ, ಹೊಸಬರ ಪ್ಯಾನ್, ಆಧಾರ್, ಫೋಟೊ, ಬ್ಯಾಂಕಿನ ನಮೂನೆ ಬೇಕು. ಅದರ ಜೊತೆಗೇ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನು ಬದಲಿಸಿ. ಇದನ್ನು ಮರೆತ ಶಾಖೆಗಳಲ್ಲಿ ಒಟಿಪಿ ಮೂರು ವರ್ಷ ಹಿಂದಿನ ಖಜಾಂಚಿಯ ಫೋನಿಗೆ ಹೋಗುತ್ತಿರುತ್ತದೆ. ಅವರು ಶಸ್ತ್ರಚಿಕಿತ್ಸೆಯಲ್ಲಿದ್ದರೆ ಇಲ್ಲಿ ಪಾವತಿ ನಿಂತಿತು. ಶುಲ್ಕ ಸಂಗ್ರಹದ ಯುಪಿಐ ಕ್ಯೂಆರ್ ಯಾರದೋ ಸ್ವಂತ ಖಾತೆಯದ್ದಾಗಿದ್ದರೆ ಅದನ್ನು ಅಂದೇ ಹರಿದುಹಾಕಿ ಶಾಖೆಯ ಖಾತೆಯದನ್ನು ಮಾಡಿಸಿ. ಇಮೇಲ್, ಡೊಮೈನ್, ಸಾಮಾಜಿಕ ಜಾಲತಾಣಗಳ ಪಾಸ್‌ವರ್ಡುಗಳಿಗೂ ಇದೇ ನಿಯಮ: ಮರುಪಡೆಯುವ ಸಂಖ್ಯೆ ವ್ಯಕ್ತಿಯದ್ದಾಗಿರದೆ ಶಾಖೆಯ ಸಿಮ್ ಆಗಿರಲಿ.

ಶಾಖೆ ಸ್ವತಃ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ನೋಂದಣಿಯಾಗಿದ್ದರೆ ಮಹಾಸಭೆಯಾದ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿಯನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು, ಪರಿಶೋಧಿತ ಲೆಕ್ಕವೂ ಜೊತೆಗೆ ಹೋಗಬೇಕು. ಹಳಬರು ಹೊಸಬರ ಕೆಲಸವೆಂದೂ ಹೊಸಬರು ಹಳಬರದ್ದೆಂದೂ ತಿಳಿಯುತ್ತಾರೆ. ಹಾಗಾಗಿ ಕೆಲವು ಶಾಖೆಗಳಲ್ಲಿ ಹಲವು ವರ್ಷ ಸಲ್ಲಿಕೆಯೇ ಆಗಿರುವುದಿಲ್ಲ, ಸಾಲಕ್ಕೋ ನಿವೇಶನಕ್ಕೋ ಅರ್ಜಿ ಹಾಕಿದಾಗ ಬಯಲಾಗುತ್ತದೆ. ಟಿಪ್ಪಣಿಯ ಮೊದಲ ಸಾಲಿನಲ್ಲೇ ಹೊಣೆಗಾರರ ಹೆಸರು ಬರೆಯಿರಿ. ಐಇಇಇಯಂಥ ಸಂಸ್ಥೆಗಳಲ್ಲಿ ಇದರ ಜಾಗದಲ್ಲಿ ಸಂಸ್ಥೆಯ ಆನ್‌ಲೈನ್ ವ್ಯವಸ್ಥೆಯಾದ ವಿಟೂಲ್ಸ್‌ನಲ್ಲಿ ಸಭೆಗಳನ್ನು, ಹೊಸ ಪದಾಧಿಕಾರಿಗಳನ್ನು ದಾಖಲಿಸುವ ಕೆಲಸ ಇರುತ್ತದೆ. ಅಲ್ಲಿ ತಾಂತ್ರಿಕ ಚಾಪ್ಟರ್ (ಒಂದು ವಿಷಯಕ್ಕೆ ಮೀಸಲಾದ ಘಟಕ) ವರ್ಷಕ್ಕೆ ಕನಿಷ್ಠ ಎರಡು ಸಭೆ ನಡೆಸಬೇಕು, ನಡೆಸಿ ದಾಖಲಿಸದಿದ್ದರೆ ನಡೆಸದಂತೆಯೇ ಲೆಕ್ಕ.

ನಿಕಟಪೂರ್ವ ಅಧ್ಯಕ್ಷರು ಹೊಸ ಸಮಿತಿಯ ಗ್ರೂಪಿನಲ್ಲಿ ಒಂದು ತಿಂಗಳು ಇದ್ದು ಆಮೇಲೆ ಹೊರಬರುವುದು ಎರಡೂ ಕಡೆಗೆ ಹಿತ. ಕೇಳಿದರೆ ಫೋನಿನಲ್ಲಿ ಹೇಳಬಹುದು. ಗ್ರೂಪಿನಲ್ಲೇ ಇದ್ದರೆ "ನಮ್ಮ ಕಾಲದಲ್ಲಿ" ಎಂಬ ಮಾತು ಬಾರದೆ ಇರುವುದಿಲ್ಲ.

ಮೂರು ತಿಂಗಳ ಮೇಲೆ ಹಳೆಯ, ಹೊಸ ಕಾರ್ಯದರ್ಶಿಗಳಿಬ್ಬರೇ ಒಂದು ಗಂಟೆ ಕೂತು ಟಿಪ್ಪಣಿಯನ್ನು ಸಾಲುಸಾಲಾಗಿ ಓದಬೇಕು. ಹೊಸಬರು ಫೋನು ಮಾಡಿ ಕೇಳಬೇಕಾಗಿ ಬಂದ ಪ್ರತಿ ಪ್ರಶ್ನೆಯೂ ಟಿಪ್ಪಣಿಯಲ್ಲಿ ಬಿಟ್ಟುಹೋದದ್ದು. ಅದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುವರ್ಷದ ಟಿಪ್ಪಣಿಯನ್ನು ಖಾಲಿ ಹಾಳೆಯಿಂದ ಶುರುಮಾಡದೆ ಈ ತಿದ್ದಿದ ಪ್ರತಿಯ ಮೇಲೆಯೇ ಬರೆಯಿರಿ.